ನಾಯಿ ಪಾಲು

ಮೊನ್ನೆ ಮೂಡಿಗೆರೆಯ ಔಷಧಿ ಅಂಗಡಿಯಲ್ಲಿ ಯಾರೋ ಬೇವಿನೆಣ್ಣೆಯ ಬಾಟಲಿ ಬೀಳಿಸಿ ಒಡೆದರು. ಉಳಿದವರು ಮೂಗು ಮುಚ್ಚಿಕೊಂಡರು. ಆ ಕಹಿ ವಾಸನೆಗೆ ನನ್ನ ಕಣ್ಣೆದುರು ಬಂದು ನಿಂತವರು ನಾಯಿ ಮೇಷ್ಟ್ರು. ಉಣುಗು ಹತ್ತಬಾರದೆಂದು ನನ್ನ ನಾಯಿ ಜಿಮ್ಮಿಯ ಮೈಗೆ ಅವರು ಅದನ್ನೇ ಉಜ್ಜುತ್ತಿದ್ದರು. ಎಷ್ಟು ವರ್ಷವಾದರೂ ನನ್ನ ಹೊಟ್ಟೆಯ ಉರಿ ಆರಿಲ್ಲ, ನೋಡಿ.

ಕೊಟ್ಟಿಗೆಹಾರದ ಕಡೆ ಹೋಗುವ ರಸ್ತೆಯಲ್ಲಿ, ವಾಸಿಯಾಗದ ಕಾಯಿಲೆಯವರನ್ನು ಕೊನೆಯವರೆಗೂ ನೋಡಿಕೊಳ್ಳುವ ಪುಟ್ಟದೊಂದು ಆರೈಕೆ ಮನೆಯಿದೆ. ನಾನು ಅಲ್ಲಿ ನರ್ಸು. ಆಗಲೂ, ಈಗಲೂ. ಜಿಮ್ಮಿ ನಾನು ಸಾಕಿದ ನಾಯಿ. ಒಂದು ದಿನ ನನ್ನ ಹಿಂದೆಯೇ ಬಂದು ಒಬ್ಬ ರೋಗಿಯ ಮಂಚದ ಬುಡದಲ್ಲಿ ಮಲಗಿತು. ಅನ್ನವೇ ಬೇಡವೆನ್ನುತ್ತಿದ್ದ ಆ ಮನುಷ್ಯ ಅವತ್ತು ಎರಡು ತುತ್ತು ಉಂಡರು. ಇದಕ್ಕೆ ಸರಿಯಾಗಿ ಕಲಿಸಿದರೆ ಹೇಗೆ ಅನ್ನಿಸಿತು. ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾಗಿ, ಎಸ್ಟೇಟಿನವರ ನಾಯಿಗಳನ್ನು ಪಳಗಿಸುತ್ತಿದ್ದ ನಾಯಿ ಮೇಷ್ಟ್ರ ಬಳಿ ಹೋದೆ.

"ಪುಣ್ಯದ ಕೆಲ್ಸ ಸಿಸ್ಟರೇ, ನಾನು ಕಲಿಸಿ ಕೊಡ್ತೀನಿ" ಅಂದರು.

ಕಲಿಸಿದರು, ಸುಳ್ಳು ಹೇಳಬಾರದು. ಜಿಮ್ಮಿ ಉಣ್ಣುವಾಗ ಹಿಂದಿನಿಂದ ಸ್ಟೀಲ್ ತಟ್ಟೆ ಬೀಳಿಸುತ್ತಿದ್ದರು. ಕಿವಿ ಹಿಡಿದು ಜಗ್ಗುತ್ತಿದ್ದರು. ಪಕ್ಕದಲ್ಲಿ ಕೂತು ಗೊರಗೊರ ಕೆಮ್ಮುತ್ತಿದ್ದರು. ಏನೇ ಆದರೂ ಬೆಚ್ಚಬಾರದು, ಬೊಗಳಬಾರದು. "ಸುಮ್ನಿರು" ಅಂತ ಪಿಸುಗುಟ್ಟಿದರೆ ಸಾಕು, ಗದ್ದವನ್ನು ಹಾಸಿಗೆಯ ಅಂಚಿಗಿಟ್ಟು ಕಲ್ಲಿನ ಹಾಗೆ ಕೂರುತ್ತಿತ್ತು. ನಾನಂತೂ ಅವರನ್ನು ದೇವರಂತೆ ನೋಡುತ್ತಿದ್ದೆ...

ಆಗ ವಸ್ತಾರೆ ಕಡೆಯ ಒಬ್ಬರು ಅಜ್ಜಿ ನಮ್ಮಲ್ಲಿದ್ದರು. ಗೋಡೆಗೆ ಮುಖ ಮಾಡಿ ಮಲಗಿದರೆ ಯಾರೊಂದಿಗೂ ಮಾತಿಲ್ಲ. ಜಿಮ್ಮಿ ಬಂದರೆ ಮಾತ್ರ ಈ ಕಡೆ ತಿರುಗುತ್ತಿದ್ದರು. ಅದರ ತಲೆಯ ಮೇಲೆ ಕೈಯಿಟ್ಟು ಏನೇನೋ ಹೇಳಿಕೊಳ್ಳುತ್ತಿದ್ದರು. ನಾನು ಹತ್ತಿರ ಹೋದರೆ ಬಾಯಿ ಮುಚ್ಚಿದಂತೆಯೇ.

ಒಂದು ಭಾನುವಾರ ಬೆಳಿಗ್ಗೆ ಮೇಷ್ಟ್ರು ಬಂದು ಜಿಮ್ಮಿಯ ಸರಪಳಿ ಬಿಚ್ಚಿದರು. ಸಂತೆ, ಜನರ ಗಲಾಟೆ ಅಭ್ಯಾಸವಾಗಲಿ ಎಂದು ಆಗಾಗ ಹಾಗೆ ಕರೆದೊಯ್ಯುತ್ತಿದ್ದರು.

"ಅಜ್ಜಿಗೆ ಉಸಿರು ಸರಿಯಿಲ್ಲ ಮೇಷ್ಟ್ರೇ, ಇವತ್ತೊಂದು ದಿನ ಬಿಡಿ" ಅಂದೆ.

"ಪಾಠ ತಪ್ಪಿಸ್ಬಾರ್ದು ಮಾರಾಯ್ತಿ. ಮಧ್ಯಾಹ್ನದೊಳಗೆ ತಂದು ಬಿಡ್ತೀನಿ."

ಮಧ್ಯಾಹ್ನ ಕಳೆಯಿತು. ಅಜ್ಜಿ ಬಾಗಿಲ ಕಡೆಗೇ ನೋಡುತ್ತಿದ್ದರು. "ಬಂತಾ?" ಅಂತ ಕೇಳಿದರು. ಅದು ಅವರು ನನ್ನೊಡನೆ ಆಡಿದ ಮೊದಲನೆಯ ಮಾತು!

"ಪಾಠಕ್ಕೆ ಹೋಗಿದೆ ಅಜ್ಜಿ, ಈಗ ಬರತ್ತೆ."

"ಪಾಪ, ಕಲೀಲಿ" ಅಂದರು. ಸಂಜೆಯಾಗುವ ಮೊದಲೇ ಹೋದರು. ಕೈ ಮಂಚದಾಚೆ ಇಳಿಬಿದ್ದಿತ್ತು. ಎತ್ತಿ ಎದೆಯ ಮೇಲಿಟ್ಟೆ.

ಕತ್ತಲಾಗುವಾಗ ಜಿಮ್ಮಿ ಕುಂಟುತ್ತಾ ಬಂತು, ತೊಡೆಗೆ ಬಟ್ಟೆ ಸುತ್ತಿತ್ತು. ತಂತಿ ಬೇಲಿ ತಾಗಿತು ಅಂದರು ಮೇಷ್ಟ್ರು. ನಂಬಿದೆ. ಪಾಪ ದಣಿದಿದ್ದಾರೆಂದು ಕಾಫಿ ಬೇರೆ ಮಾಡಿಕೊಟ್ಟೆ, ನನ್ನ ಬುದ್ಧಿಗಿಷ್ಟು!

ಮರುದಿನ ಬೆಳಿಗ್ಗೆ ಜೀಪ್ ಓಡಿಸುವವನೊಬ್ಬ ಬಾಳೆಲೆಯ ಪೊಟ್ಟಣ ಹಿಡಿದು ಬಾಗಿಲಿಗೆ ಬಂದ.

"ಸಿಸ್ಟರೇ, ನಿಮ್ಮ ಪಾಲು."

"ಎಂಥ ಪಾಲು?"

"ನಾಯಿ ಪಾಲು. ನಿನ್ನೆ ಹಂದಿ ಬಿತ್ತಲ್ಲ? ಶಿಕಾರಿಗೆ ನಾಯಿ ಕೊಟ್ಟೋರಿಗೆ ಒಂದು ಪಾಲು ಕೊಡ್ದೆ ಇರಕ್ಕಾಗತ್ತಾ? ಎಂಥಾ ನಾಯಿ ಸಿಸ್ಟರೇ, ಹಂದಿ ಎದುರಿಗೆ ಬಂದ್ರೂ ಉಸಿರೆತ್ತಲ್ಲ! ಯಾವಾಗ್ಲೂ ಮೇಷ್ಟ್ರ ಕೈಲಿ ಕಳಿಸ್ತಿದ್ವಿ, ನಿನ್ನೆ ಹಂದಿ ನಾಯಿಗೆ ತಿವಿದಿದ್ಕೆ ಅವ್ರು ಬೇಗ ಹೊರಟ್ಬಿಟ್ರು... ಸಿಗ್ತಿತ್ತಲ್ವಾ?"

ಪಾಪ, ಅವನು ರೀತಿ ಬಿಡಬಾರದೆಂದು ತಂದಿದ್ದ. ನನ್ನ ನಾಯಿಯನ್ನು ಕಾಡಿಗೆ ಬಿಟ್ಟು, ಇಷ್ಟು ದಿನ ನನ್ನ ಪಾಲನ್ನೂ ಮೇಷ್ಟ್ರೇ ಉಂಡಿದ್ದರು!

ನೆಟ್ಟಗೆ ಅವರ ಮನೆಗೆ ಹೋದೆ. ಜಗಲಿಯಲ್ಲಿ ಕೂತಿದ್ದರು. ನಾಚಿಕೆಯಾದರೂ ಆಗಬಹುದು ಅಂದುಕೊಂಡಿದ್ದೆ. ಎಲ್ಲಿಯ ಮಾತು!

"ಕಲ್ಸಿದ್ದು ಯಾರು? ನಾನು. ಒಂದಿನ ಕರ್ಕೊಂಡು ಹೋದ್ರೆ ನಿಮ್ಮದೇನು ಗಂಟು ಹೋಯ್ತು? ಆ ಅಜ್ಜಿ ಹೇಗೂ ಹೋಗೋರೇ ಆಗಿದ್ರು."

ಬೆನ್ನು ತಿರುಗಿಸಿ ಬಂದುಬಿಟ್ಟೆ.

ಜಿಮ್ಮಿಯ ಗಾಯ ಮಾಯಿತು, ಹೆದರಿಕೆ ಹೋಗಲಿಲ್ಲ. ತಟ್ಟೆ ಬಿದ್ದರೆ ಹಲ್ಲು ಕಿರಿಯುತ್ತಿತ್ತು. ಮತ್ತೆ ಅದನ್ನು ರೋಗಿಗಳ ಹತ್ತಿರ ಬಿಡಲು ಧೈರ್ಯ ಬರಲಿಲ್ಲ. ನಮ್ಮ ಮನೆಯ ಅಂಗಳದಲ್ಲೇ ಮುದಿಯಾಗಿ ಸತ್ತಿತು.

ಮೇಷ್ಟ್ರೂ ಈಗಿಲ್ಲ. ಎಂಥ ಕೈಗುಣ, ಎಂಥ ಮನುಷ್ಯ ಅಂತ ಈಗಲೂ ಹೇಳುವವರಿದ್ದಾರೆ. ಕೈಗುಣ ಇತ್ತು, ಒಪ್ಪುತ್ತೇನೆ. ನಮ್ಮಲ್ಲಿ ಈಗ ನಾಯಿಯಿಲ್ಲ. ಮಾತು ಬಿಟ್ಟವರ ಪಕ್ಕದಲ್ಲಿ ನಾನೇ ಕೂರುತ್ತೇನೆ. ಅವರು ನನಗೇನೂ ಹೇಳುವುದಿಲ್ಲ. ಮೇಷ್ಟ್ರು ಹಂದಿ ಮಾಂಸ ಉಂಡರೆ ಉಣ್ಣಲಿ, ಜೀರ್ಣವಾಗಿ ಹೋಯಿತು. ಆದರೆ ಸಾಯುತ್ತಿದ್ದ ಹೆಂಗಸಿಗೆ ತಮ್ಮ ಸುಳ್ಳನ್ನು ನನ್ನ ಬಾಯಲ್ಲಿ ಹೇಳಿಸಿದರಲ್ಲ... ಅದನ್ನು ನಾನು ಹೇಗೆ ಮರೆಯಲಿ?