ಕೈ ಸುಟ್ಟ ಸೀನು

ತಮಿಳು ಸಿನಿಮಾಗಳನ್ನು ತೆಲುಗಿಗೆ ಡಬ್ ಮಾಡಿ ಆಂಧ್ರದ ಗಡಿಗೆ ಅಂಟಿದ ನಮ್ಮ ಕಡೆ ಬಿಡುವವರ ಹತ್ತಿರ ನನಗೆ ಕೆಲಸ. ಟಾಕೀಸಿನ ಕತ್ತಲಲ್ಲಿ ಕೂತು, ಜನ ಎಲ್ಲೆಲ್ಲಿ ನಕ್ಕರು ಅಂತ ಬರೆದುಕೊಳ್ಳಬೇಕು. ಮಾನಗೆಟ್ಟ ಕೆಲಸ ಅನ್ನಿ.

ಆ ಸಲದ್ದು ಹೊಡೆದಾಟದ ಕಾಮಿಡಿ. ರೇಷ್ಮೆಗೂಡು ಬೇಯಿಸುವ ಕಾರ್ಖಾನೆಯಲ್ಲಿ ಫೈಟ್ ನಡೆದು, ಹೀರೊನ ಪೆದ್ದು ಗೆಳೆಯನ ಕೈ ಕುದಿಯುವ ನೀರಿಗೆ ಬೀಳುತ್ತದೆ. ಅವನು ಕುಣಿದಾಡುತ್ತಾನೆ. ಗೌರಿಬಿದನೂರಿನಲ್ಲಿ ಜನ ಬಿದ್ದು ಬಿದ್ದು ನಕ್ಕಿದ್ದರು. ಶಿಡ್ಲಘಟ್ಟದ ಮ್ಯಾಟಿನಿಯಲ್ಲಿ ಒಬ್ಬರೂ ನಗಲಿಲ್ಲ. ಸೌಂಡ್ ಕೆಟ್ಟಿತೇನೋ ಅಂದುಕೊಂಡೆ.

ಮುಂದೆ ಅದೇ ಗೆಳೆಯ ಆಸ್ಪತ್ರೆಯಲ್ಲಿ ಮಲಗಿದ್ದಾನೆ, ಡಾಕ್ಟರು ಪಕ್ಕದಲ್ಲಿ ನಿಂತು ಏನೋ ಹೇಳುತ್ತಿದ್ದಾರೆ. ಅಳಿಸಲೆಂದೇ ಪಿಟೀಲು ಬಾರಿಸಿದ್ದಾರೆ. ಆಗ ಹೆಂಗಸರ ಕಡೆಯಿಂದ ನಗು ಶುರುವಾಗಿ ಇಡೀ ಹಾಲ್ ನಕ್ಕಿತು!

ಇಂಟರ್ವಲ್‌ನಲ್ಲಿ ಹಿಂದಿನ ಸಾಲಿನ ಒಬ್ಬ ಹೆಂಗಸನ್ನು ಕೇಳಿದೆ: "ಅಲ್ಲಮ್ಮ, ಕೈ ಸುಟ್ಟಾಗ ಸುಮ್ಮನಿದ್ರಿ. ಆಸ್ಪತ್ರೇಲಿ ನಗೋದೇನಿತ್ತು?"

"ನಾನು ಫಿಲೇಚರ್‌ನಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯೋಳಪ್ಪ. ದಿನಾ ಆ ಬಿಸಿನೀರಲ್ಲೇ ಕೈ ಇರ್ತದೆ. ಅದಕ್ಕೆ ನಗು ಎಲ್ಲಿಂದ ಬರ್ತದೆ?"

"ಮತ್ತೆ ಆಮೇಲೆ?"

"ಡಾಕ್ಟ್ರು ಹೇಳಿದ್ದು ನೀನು ಕೇಳಲಿಲ್ವಾ? ಒಂದು ತಿಂಗಳು ಕೈಗೆ ನೀರು ಸೋಕಿಸ್ಬಾರ್ದಂತೆ!" ಹೇಳುತ್ತಲೇ ಆಕೆಗೆ ಮತ್ತೆ ನಗು ಉಕ್ಕಿತು. ಬಾಯಿಗೆ ಅಡ್ಡ ಹಿಡಿದ ಬೆರಳುಗಳ ತುದಿಗಳು ಬೆಳ್ಳಗೆ ನೆಂದು ಬಿರಿದಿದ್ದವು.

ರಿಪೋರ್ಟಿನಲ್ಲಿ ಬರೆದೆ: 'ಶಿಡ್ಲಘಟ್ಟ. ಆಸ್ಪತ್ರೆ ಸೀನು, ಭರ್ಜರಿ ಕಾಮಿಡಿ.' ಓದಿ ನಮ್ಮ ಯಜಮಾನರಿಗೆ ಬಹಳ ಖುಷಿಯಾಯಿತು. ಮುಂದಿನ ಸಿನಿಮಾಕ್ಕೂ ಒಬ್ಬ ಡಾಕ್ಟರನ್ನು ಹಾಕಿಸಿ ಅಂತ ಚೆನ್ನೈಗೆ ಫೋನ್ ಮಾಡಿ ಹೇಳಿದರು.