ಗುಡ್ಡದ ಜೀಪಿನ ಬಲಗಡೆಯ ದೀಪ

ವಾಹನಗಳ ವಿದ್ಯುತ್ ಕೆಲಸವೆಂದರೆ ಫ್ಯೂಸು ಬದಲಿಸುವುದು, ಬಲ್ಬು ಹಾಕುವುದು ಇಷ್ಟೇ ಎಂದು ಲೋಕ ತಿಳಿದಿದ್ದ ಕಾಲದಲ್ಲಿ, ಅದನ್ನು ನಾಡಿ ಹಿಡಿದು ನೋಡುವ ವಿದ್ಯೆಯಾಗಿಸಿದ ಕೆಲವೇ ಕೆಲವರಲ್ಲಿ ನಮ್ಮ ಗುಬ್ಬಿ ಮೇಸ್ತ್ರಿಗಳು ಒಬ್ಬರು. ಗುಬ್ಬಚ್ಚಿಯಂತೆ ಕತ್ತು ಓರೆ ಮಾಡಿ ಇಂಡಿಕೇಟರಿನ ಟಿಕ್ ಟಿಕ್ ಆಲಿಸುವ ಭಂಗಿಯಿಂದ ಬಂದ ಅಡ್ಡಹೆಸರದು. ಅವರು ಅದನ್ನು ಬಿರುದಿನಂತೆಯೇ ಧರಿಸಿಕೊಂಡರು. ಗುಡ್ಡಗಾಡಿನ ಆಸ್ಪತ್ರೆಯ ಜೀಪುಗಳನ್ನು ಮೂವತ್ತಾರು ವರ್ಷ ಸಲಹಿದ ಅವರ ಕೈಯಲ್ಲಿ ವೈರುಗಳು ಜಡೆ ಹೆಣೆದಂತೆ ಒಪ್ಪವಾಗಿ ಕೂರುತ್ತಿದ್ದವು.

ಅವರ ಸೇವೆಯ ಇಪ್ಪತ್ತೆರಡನೆಯ ವರ್ಷ. ಮಣ್ಣುದಾರಿಯಿಂದ ಡಾಂಬರು ರಸ್ತೆಗೆ ಬಲಕ್ಕೆ ಹತ್ತುತ್ತಿದ್ದ ಜೀಪಿಗೆ ಬೈಕೊಂದು ಬಡಿದು, ಸವಾರನ ಕೈ ಮುರಿಯಿತು. ಇಂಡಿಕೇಟರ್ ಹಾಕಿದ್ದೆನೆಂದು ಚಾಲಕಿ, ಬೆಳಕೇ ಕಾಣಲಿಲ್ಲವೆಂದು ಸವಾರ. ಮೇಸ್ತ್ರಿಗಳು ಬಲ್ಬು, ಫ್ಯೂಸು, ರಿಲೇ, ಸ್ವಿಚ್ಚು ಎಲ್ಲವನ್ನೂ ನೋಡಿ, ದೋಷವಿಲ್ಲವೆಂದು ಬರೆದು ಸಹಿ ಹಾಕಿದರು. ಆ ಸಹಿಯ ಮೇಲೆ ಸೋಮವಾರ ಚಾಲಕಿಯ ಕೆಲಸ ಹೋಗುವುದಿತ್ತು.

ಶನಿವಾರ ಆಕೆ ಬಂದು ನಿಂತರು.

"ಮೇಸ್ತ್ರಿಗಳೇ, ನನ್ನ ಬೆರಳು ಸುಳ್ಳು ಹೇಳಲ್ಲ."

"ನನ್ನ ಟೆಸ್ಟ್ ಲ್ಯಾಂಪೂ ಹೇಳಲ್ಲ ತಾಯಿ."

"ಹಂಗಾದ್ರೆ ಇಬ್ಬರೂ ಹರಿಶ್ಚಂದ್ರನ ಮನೆಯವರೇ. ಮತ್ತೆ ಕೆಲಸ ಯಾಕೆ ನನ್ನದೊಂದೇ ಹೋಗಬೇಕು?"

ಆಕೆ ಹೊರಟುಹೋದ ಮೇಲೆ ಮೇಸ್ತ್ರಿಗಳು ಊಟದ ಡಬ್ಬಿ ಮುಚ್ಚಿಟ್ಟು ಜೀಪನ್ನೇರಿ ಕೂತರು. ಮಧ್ಯಾಹ್ನದ ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಬಲಕ್ಕೆ ಸ್ವಿಚ್ಚು ಒತ್ತಿದರೆ ಹಿಂದಿನ ಗೋಡೆಯ ಮೇಲೆ ಕಿತ್ತಳೆ ಬೆಳಕು ಮಲಗಿದ ಮಗುವಿನ ಉಸಿರಿನಂತೆ ಏರುತ್ತಿತ್ತು, ಇಳಿಯುತ್ತಿತ್ತು. ಗೋಡೆ ದೂರ ಸರಿದಂತೆ, ಜೀಪು ನೆಲ ಬಿಟ್ಟು ಎಲ್ಲೋ ತೇಲಿದಂತೆ ಅವರಿಗೆ ಮಂಪರು ಕವಿಯಿತು. ತೇಲುವ ಜೀಪು ಒಂದು ಬದಿಗೆ ವಾಲಿತು. ಥಟ್ಟನೆ ಎಚ್ಚರವಾಯಿತು: ತಾವು ಪರೀಕ್ಷಿಸಿದ್ದ ಈ ಸಿಮೆಂಟು ನೆಲದ ಮೇಲೆ ಜೀಪು ವಾಲುವುದೇ ಇಲ್ಲವಲ್ಲ!

ಆಕೆಯನ್ನು ಕರೆಸಿ ಅದೇ ತಿರುವಿಗೆ ಹೋದರು. ಮೇಸ್ತ್ರಿಗಳು ಹಿಂದೆ ಹುಲ್ಲಿನಲ್ಲಿ ಕುಕ್ಕರಗಾಲಲ್ಲಿ ಕೂತರು. ಮಣ್ಣಿನಲ್ಲಿ ದೀಪ ಮಿನುಗಿತು. ಮುಂದಿನ ಒಂದು ಚಕ್ರ ಡಾಂಬರಿನ ಅಂಚು ಹತ್ತಿ ಜೀಪಿನ ಮೈ ತಿರುಚಿಕೊಂಡದ್ದೇ ತಡ, ದೀಪ ಆರಿತು. ನಾಲ್ಕೂ ಚಕ್ರ ಸಮವಾದಾಗ ಮತ್ತೆ ಹೊತ್ತಿತು. ಎಂಜಿನ್ನಿನ ಗದ್ದಲದಲ್ಲಿ ಟಿಕ್ ಟಿಕ್ ನಿಂತದ್ದು ಆಕೆಗೆ ಕೇಳಿಸುವಂತಿರಲಿಲ್ಲ. ಸ್ಟೀರಿಂಗಿನ ಕೆಳಗೆ ಬಿಚ್ಚಿ ನೋಡಿದರೆ, ಸ್ವಿಚ್ಚಿನ ವೈರಿಗೆ ಒಂದಿಷ್ಟೂ ಸಡಿಲ ಬಿಡದೆ ಬಿಗಿದ ಗಂಟು. ಜೀಪಿನ ಮೈ ತಿರುಚಿದಾಗಲೆಲ್ಲ ವೈರು ಜಗ್ಗಿ ಸಂಪರ್ಕ ತಪ್ಪುತ್ತಿತ್ತು. ಮೂರು ತಿಂಗಳ ಹಿಂದೆ ತಮ್ಮ ಕೈಯಿಂದಲೇ ಹಾಕಿದ, ಎಲ್ಲರೂ ಮೆಚ್ಚಿದ್ದ ಗಂಟು.

"ಯಾರು ಕಟ್ಟಿದ್ದು ಇದನ್ನ?" ಆಕೆ ಕೇಳಿದರು.

"ಅಂದಕ್ಕೆ ಆಸೆಪಟ್ಟ ಒಬ್ಬ ಪೆದ್ದ. ನಿಮ್ಮೆದುರಿಗೇ ಇದ್ದಾನೆ."

ಸೋಮವಾರ ಹಳೆಯ ವರದಿಯನ್ನು ತಾವೇ ಹೊಡೆದುಹಾಕಿ, "ದೋಷ ಚಾಲಕಿಯದಲ್ಲ, ಕಟ್ಟಿದವನದು" ಎಂದು ಬರೆದುಕೊಟ್ಟರು. ಅಲ್ಲಿಂದ ನೇರವಾಗಿ ಸವಾರನ ಮನೆಗೆ ಹೋಗಿ, ಪ್ಲಾಸ್ಟರಿನ ಕೈಯ ಮುಂದೆ ತಲೆತಗ್ಗಿಸಿ ನಿಂತರು. ಚಾಲಕಿ ಕೆಲಸದಲ್ಲಿ ಉಳಿದರು. ಮೇಸ್ತ್ರಿಗಳಿಗೆ ಬರಬೇಕಿದ್ದ ಮುಖ್ಯ ಪರೀಕ್ಷಕರ ಹುದ್ದೆ ಬೇರೆಯವರ ಪಾಲಾಯಿತು. ಅದರ ಬಗ್ಗೆ ಅವರು ಒಂದು ದಿನವೂ ತುಟಿ ಎರಡು ಮಾಡಿದವರಲ್ಲ. ಹೊಸ ಪರೀಕ್ಷಕರನ್ನು ಒಪ್ಪಿಸಿ, ಒಂದು ಚಕ್ರವನ್ನು ದಿಮ್ಮಿಯ ಮೇಲೆ ಹತ್ತಿಸದೆ ಯಾವ ಜೀಪಿನ ಇಂಡಿಕೇಟರನ್ನೂ ಸರಿಯೆಂದು ಬರೆಯಬಾರದೆಂಬ ಪದ್ಧತಿ ತಂದರು. ಇಂದಿಗೂ ಅದೇ ನಡೆದಿದೆ.

ಇಂದು ನಿವೃತ್ತರಾಗುತ್ತಿರುವ ಇಂಥವರು ನೂರ್ಕಾಲ ಬಾಳಲಿ. ಕಣ್ಣು, ಕಿವಿ, ಬೆರಳು ಮೂರೂ ಅವರಿಗೆ ಒದಗಿಬರುತ್ತಿರಲಿ. ಮನೆಯ ಕರೆಗಂಟೆ ಎಂಟು ತಿಂಗಳಿಂದ ಮೂಕವಾಗಿದೆ ಎಂದು ಅವರ ಮನೆಯವರು ದೂರಿದ್ದಾರೆ, ಮೊದಲು ಅದಾಗಲಿ. ಆಮೇಲೆ ಅದನ್ನು ಒತ್ತಲು ನಾವೆಲ್ಲ ಸಾಲುಗಟ್ಟಿ ಬರುತ್ತೇವೆ. ನಮ್ಮನ್ನು ಕರೆತರುವ ಜೀಪು ಓಡಿಸುವವರು ಆ ಚಾಲಕಿಯೇ.