ಬೇಗೂರಿನ ಯಲ್ಲಯ್ಯನ ಪುಟ

"ಈ ಫೋನು ಈಗ ಯಾರ ಹತ್ರ ಇದೆ, ಹೇಳಿ?" ಎಂದು ರಾಜಶ್ರೀ ಕೇಳಿದಾಗ ಭಾರ್ಗವ ನೋಡಿ ಹೇಳುತ್ತೇನೆಂದ.

ರಾಜಶ್ರೀ ಬನಶಂಕರಿಯಲ್ಲಿ ರಕ್ತಪರೀಕ್ಷೆಯ ಲ್ಯಾಬ್ ನಡೆಸುತ್ತಿದ್ದರು. ಅದಕ್ಕೆ ವೆಬ್‌ಸೈಟ್ ಮಾಡಿಕೊಟ್ಟವನು ಭಾರ್ಗವ. ಎಲ್ಲರಿಗೂ ಕಾಣುವ ಬಣ್ಣಬಣ್ಣದ ಪುಟಗಳ ಜೊತೆಗೆ ಅದರಲ್ಲಿ ಒಂದು ಬಡಕಲು ಪುಟವೂ ಇತ್ತು. ಅಂಗಡಿಗಳಿಂದ ಎಂದೋ ಮಾಯವಾಗಿದ್ದ ಒಂದು ಬಟನ್ ಫೋನಿಗೆಂದೇ ಮಾಡಿದ್ದು: ಚಿತ್ರವಿಲ್ಲ, ಅಲಂಕಾರವಿಲ್ಲ, ಒಂದರ ಕೆಳಗೊಂದು ಸಾಲು, ಅಷ್ಟೆ. ಅದನ್ನು ತೆಗೆಯಿರಿ ಎಂಬುದು ರಾಜಶ್ರೀಯವರ ಬೇಡಿಕೆ. ತೆಗೆಯಕೂಡದು ಎಂಬುದು ಕಿಟ್ಟಿ ಮಾಮನ ಹಟ.

ಕಿಟ್ಟಿ ಮಾಮ ಬಸವನಗುಡಿಯ ಮುದ್ರಣಾಲಯವೊಂದರಲ್ಲಿ ಕರಡು ತಿದ್ದಿ ನಿವೃತ್ತರಾದವರು. ಜಯನಗರದಲ್ಲಿ ಭಾರ್ಗವನ ಬಾಲ್ಯದ ನೆರೆಮನೆಯವರು. ತಪ್ಪು ಹುಡುಕುವುದು ಅವರಿಗೆ ವೃತ್ತಿಯೂ ಹೌದು, ವಿಶ್ರಾಂತಿಯೂ ಹೌದು. ಮದುವೆಗೆ ಕರೆಯಲು ಬಂದವರ ಕಾಫಿ ಆರುವ ಮೊದಲೇ ಲಗ್ನಪತ್ರಿಕೆಯ ಎರಡು ತಪ್ಪುಗಳನ್ನು ತೋರಿಸಿ, ಮೂರನೆಯದನ್ನು ಆರತಕ್ಷತೆಯ ದಿನಕ್ಕೆಂದು ಉಳಿಸಿಕೊಳ್ಳುತ್ತಿದ್ದವರು. ಇಂಥ ಪ್ರತಿಭೆ ಮನೆಯ ಜಗುಲಿಯಲ್ಲಿ ವ್ಯರ್ಥವಾಗಬಾರದೆಂದು ಭಾರ್ಗವ ಅವರಿಗೆ ತನ್ನ ವೆಬ್‌ಸೈಟುಗಳನ್ನು ಪರೀಕ್ಷಿಸುವ ಕೆಲಸ ಕೊಟ್ಟ. ಕೊಟ್ಟ ವಾರದಲ್ಲೇ ಪಶ್ಚಾತ್ತಾಪವನ್ನೂ ಪಟ್ಟ.

ಬ್ರೌಸರು ಯಾವ ವೆಬ್‌ಸೈಟಿನ ಬಾಗಿಲಿಗೆ ಹೋದರೂ ಮೊದಲು ತನ್ನ ಪರಿಚಯ ಹೇಳಿಕೊಳ್ಳುತ್ತದೆ: ನಾನು ಇಂಥ ಫೋನು, ಇಂಥ ಕಂಪನಿಯವನು ಎಂದು. ಪರಿಚಯದ ಆ ಸಾಲಿಗೆ ಯೂಸರ್ ಏಜೆಂಟ್ ಎಂದು ಹೆಸರು. ಅದನ್ನು ಬದಲಿಸಿಬಿಟ್ಟರೆ ಮೇಜಿನ ಮೇಲಿನ ಕಂಪ್ಯೂಟರೇ ಬಟನ್ ಫೋನಿನ ಸೋಗು ಹಾಕಬಹುದು. ಬೇರೆ ಪರೀಕ್ಷಕರು ಸಾಲು ಬದಲಿಸಿ ಸುಮ್ಮನಾಗುತ್ತಾರೆ. ಕಿಟ್ಟಿ ಮಾಮ ಮನುಷ್ಯನೇ ಬದಲಾಗುತ್ತಿದ್ದರು. ದುಬಾರಿ ಫೋನಾದ ದಿನ ಅವರಿಗೆ ಯಾವುದಕ್ಕೂ ಪುರುಸೊತ್ತಿಲ್ಲ. ಬಟನ್ ಫೋನಾದ ದಿನ ಅವರು ಬೇಗೂರಿನ ಯಲ್ಲಯ್ಯ, ಎಷ್ಟು ಹೊತ್ತಾದರೂ ಕಾಯುವ ಸಮಾಧಾನಿ.

"ಯಲ್ಲಯ್ಯ ಮಾತಾಡ್ತಿರೋದು ಕಣೋ," ಎಂದು ಅವರು ಫೋನ್ ಮಾಡುತ್ತಿದ್ದರು. "ನಿಮ್ಮ ಲ್ಯಾಬಿನವರು ಸಕ್ಕರೆ ಪರೀಕ್ಷೆಗೆ ಬಾ ಅಂತಾರೆ, ತಿಂಡಿ ತಿಂದು ಬರ್ಲೋ ಹಸ್ಕೊಂಡು ಬರ್ಲೋ ಹೇಳೋದೇ ಇಲ್ವಲ್ಲಪ್ಪ."

ವರದಿಯನ್ನು ಅವರು ಎಂದೂ ಬರೆದು ಕಳಿಸಿದವರಲ್ಲ. ಕೇಳಿದರೆ, "ಬರೆದ್ರೆ ಅದನ್ನೂ ತಿದ್ಬೇಕಾಗತ್ತೆ" ಎನ್ನುತ್ತಿದ್ದರು.

ಭಾರ್ಗವ ವಿಜ್ಞಾನದ ಪುಸ್ತಕಗಳನ್ನು ಓದಿ, ಪುರಾವೆಯಿಲ್ಲದ ಯಾವ ಮಾತನ್ನೂ ನಂಬದಿರುವ ಅಭ್ಯಾಸ ಬೆಳೆಸಿಕೊಂಡವನು. ಆ ಫೋನಿನ ಹೆಸರಿನಲ್ಲಿ ಯಾರು ಬರುತ್ತಾರೆಂದು ಸರ್ವರಿನ ದಾಖಲೆ ತೆಗೆದು ನೋಡಿದ. ಬರುತ್ತಿದ್ದವರು ಒಬ್ಬರೇ, ಅದೂ ಜಯನಗರದ ಒಂದೇ ಮನೆಯಿಂದ. ಗೆದ್ದ ಸಂತೋಷವನ್ನು ಮುಖದಲ್ಲಿ ಅಡಗಿಸಿಕೊಳ್ಳಲಾರದೆ ಅವನು ಭಾನುವಾರ ಬೆಳಗ್ಗೆ ಆ ಮನೆಗೇ ಹೋದ.

"ಮಾಮ, ನೋಡಿ ಇಲ್ಲಿ. ಆ ಪುಟಕ್ಕೆ ಇಡೀ ಊರಿಂದ ಬರೋರು ನೀವೊಬ್ರೇ."

"ಹಾಗಾದ್ರೆ ಒಬ್ಬ ಇದ್ದಾನಲ್ಲೋ!" ಎಂದರು ಕಿಟ್ಟಿ ಮಾಮ.

"ನೀವು ಬಟನ್ ಫೋನಲ್ಲ. ಅದರ ಹೆಸರು ಹೇಳ್ಕೊಂಡು ಹೋಗೋ ಕಂಪ್ಯೂಟರು. ಥರ್ಮಾಮೀಟರಿನ ಚೀಟಿ ಬದಲಾಯಿಸಿದ್ರೆ ಜ್ವರ ಬದಲಾಗತ್ತಾ?"

"ಬಾಗಿಲಲ್ಲಿ ನಿಂತೋನು ನೋಡೋದು ಚೀಟೀನೇ ಕಣೋ. ಮೈ ಮುಟ್ಟಿ ನೋಡೋನು ಒಳಗಿರ್ತಾನೆ, ಡಾಕ್ಟ್ರು. ಅವನ ತನಕ ಬಿಡಬೇಕಲ್ಲ!"

ಮಾಮನ ಹೆಂಡತಿ ಸತ್ಯಭಾಮತ್ತೆ ಒಳಗಿನಿಂದ ಲೋಟ ಹಿಡಿದು ಬಂದರು. "ಕಾಫಿ ಯಾರಿಗೆ ಕೊಡ್ಲಿ? ಯಲ್ಲಯ್ಯನಿಗಾ, ನಮ್ಮನೆಯವರಿಗಾ?"

"ಸಕ್ಕರೆ ಜಾಸ್ತಿ ಇದ್ರೆ ಯಲ್ಲಯ್ಯನಿಗೆ ಕೊಡು," ಎಂದು ಮಾಮ ಕೈಚಾಚಿದರು. ಒಂದು ಗುಟುಕು ಕುಡಿದ ಮೇಲೆ ಅವರ ದನಿಯಲ್ಲಿ ತಮಾಷೆ ಇರಲಿಲ್ಲ. "ಭಾರ್ಗವ, ಆ ಪುಟ ತೆಗೆದ್ರೆ ನಾನೂ ಕೆಲಸ ಬಿಡ್ತೀನಿ. ಬೇರೆಯವರನ್ನ ನೋಡ್ಕೋ."

ಒಂದು ಸತ್ತ ಫೋನಿಗಾಗಿ ಇಷ್ಟು ಹಟವೇ ಎಂದು ಭಾರ್ಗವನಿಗೆ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ತರ್ಕದ ಪ್ರಕಾರ ರಾಜಶ್ರೀಯವರದೇ ಸರಿ: ಯಾರೂ ಬಳಸದ ಪುಟವನ್ನು ಸಾಕುವುದು ಅವೈಜ್ಞಾನಿಕ. ಆದರೆ ಮರುದಿನ ಬನಶಂಕರಿಯಲ್ಲಿ ಅವರೆದುರು ಕುಳಿತಾಗ ಅವನ ಬಾಯಿಂದ ಬೇರೆಯೇ ಮಾತು ಬಂತು.

"ಅದು ಇರಬೇಕು ಮೇಡಂ. ಬಳಸೋರಿದ್ದಾರೆ."

"ಯಾರು?"

"ಯಲ್ಲಯ್ಯ ಅಂತ. ಬೇಗೂರಿನವರು."

"ಬರ್ತಾರಾ ನಿಜವಾಗ್ಲೂ?"

"ವಾರಕ್ಕೆರಡು ಸಲ ತಪ್ಪದೇ ಬರ್ತಾರೆ."

ರಾಜಶ್ರೀ ಅವನನ್ನೊಮ್ಮೆ ದಿಟ್ಟಿಸಿದರು. "ಇರ್ಲಿ ಬಿಡಿ. ಆದ್ರೆ ಅದು ಕೆಟ್ರೆ ತಲೆನೋವು ನಿಮ್ದು, ನಂದಲ್ಲ."

ಹೀಗೆ, ಪುರಾವೆಯಿಲ್ಲದೆ ಮಾತಾಡದ ಭಾರ್ಗವ ಇಲ್ಲದ ಮನುಷ್ಯನೊಬ್ಬನ ಪರವಾಗಿ ಸಾಕ್ಷಿ ನುಡಿದು ಬಂದ. ಮಾಮನಿಗೆ ವಿಷಯ ತಿಳಿಸಿದಾಗ ಅವರು ಧನ್ಯವಾದ ಹೇಳಲಿಲ್ಲ. "ಪುಟದಲ್ಲಿ ಲ್ಯಾಬಿನ ಸಮಯ ತಪ್ಪಿದೆ, ಅದನ್ನೂ ಸರಿಮಾಡು" ಎಂದರು. ಪುಟ ಉಳಿಯಿತು, ಮಾಮನ ಕೆಲಸವೂ ಉಳಿಯಿತು. ಎರಡು ವರ್ಷ ಅವರು ಹಾಗೆಯೇ ವೇಷ ಬದಲಿಸುತ್ತ, ತಪ್ಪು ಹಿಡಿಯುತ್ತ, ಫೋನಿನಲ್ಲಿ ಬೈಯುತ್ತ ಇದ್ದರು. ಒಂದು ಮಧ್ಯಾಹ್ನ ಊಟವಾದ ಮೇಲೆ ಕುರ್ಚಿಯಲ್ಲಿ ಒರಗಿದವರು ಮತ್ತೆ ಏಳಲಿಲ್ಲ.

ವೈಕುಂಠ ಸಮಾರಾಧನೆ ಮುಗಿದ ಬಳಿಕ ಭಾರ್ಗವ ಸತ್ಯಭಾಮತ್ತೆಯನ್ನು ನೋಡಲು ಹೋದ. ಏನು ಮಾತಾಡುವುದೆಂದು ತೋಚದೆ ಪುಟದ ವಿಷಯವನ್ನೇ ಎತ್ತಿದ.

"ಇನ್ನು ಅದನ್ನ ತೆಗೆದುಬಿಡ್ತೀನಿ ಅತ್ತೆ. ಮಾಮನ ಹಟಕ್ಕೆ ಇಟ್ಟಿದ್ದೆ, ಅಷ್ಟೆ."

"ತೆಗಿ ಮಗು," ಎಂದರು ಅವರು. "ಅವರಿಗೆ ತಾವೇ ಓದೋಕೆ ಆಗ್ತಿದ್ದದ್ದು ಅದೊಂದೇ ಆಗಿತ್ತು."

ಭಾರ್ಗವನಿಗೆ ಅರ್ಥವಾಗಲಿಲ್ಲ.

"ಕಣ್ಣು ಕಣೋ. ಪ್ರೆಸ್ಸು ಬಿಡೋ ಹೊತ್ತಿಗೇ ನೋಟದ ನಡುಭಾಗ ಹೋಗಿತ್ತು, ಇನ್ನು ಬರಲ್ಲ ಅಂದಿದ್ರು ಡಾಕ್ಟ್ರು. ಆ ಪುಟ ಎಷ್ಟು ದೊಡ್ಡದು ಮಾಡಿದ್ರೂ ಸಾಲು ಪರದೆ ಆಚೆ ಓಡಿಹೋಗ್ತಿರ್ಲಿಲ್ಲ. ಒಂದೊಂದೇ ಅಕ್ಷರ ಹಿಡ್ಕೊಂಡು ಓದ್ತಿದ್ರು. ಯಾರಿಗೂ ಹೇಳಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ರು."

"ಮತ್ತೆ ಉಳಿದ ಪುಟಗಳು?"

"ಅದನ್ನೆಲ್ಲ ನಾನು ಓದಿ ಹೇಳ್ತಿದ್ದೆ, ಅವರು ತಪ್ಪು ಹಿಡೀತಿದ್ರು," ಎಂದರು ಸತ್ಯಭಾಮತ್ತೆ. "ಕೊನೇ ಒಂದು ವರ್ಷ ತಪ್ಪು ಹಿಡೀತಿದ್ದದ್ದೂ ನಾನೇ. ಅವರು ನಿಂಗೆ ಫೋನ್ ಮಾಡಿ ಬೈತಿದ್ರು, ಅಷ್ಟೆ."